ಆಶಾ ನಮೂನೆಯಲ್ಲಿ ಕ್ಯಾನ್ಸರ್ ಕುರಿತೂ ಒಂದು ಪ್ರಶ್ನೆ ಇರಲಿ

ಮಾನ್ಯ ಸಂಪಾದಕರೇ,

ಮೂವತ್ತು ವರ್ಷ ದಾಟಿದವರ ಬಗ್ಗೆ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ತುಂಬಿಸಿಕೊಳ್ಳುವ ನಮೂನೆಯಲ್ಲಿ, ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ರಕ್ತದೊತ್ತಡ, ಮಧುಮೇಹ, ಹೃದ್ರೋಗ ಇದೆಯೇ ಎಂಬ ಪ್ರಶ್ನೆಯಿದೆ. ಆ ಸಾಲಿನಲ್ಲಿ ಕ್ಯಾನ್ಸರ್ ಇಲ್ಲ. ಸ್ತನದಲ್ಲಿ ಗಂಟು ಇದೆಯೇ, ತೊಟ್ಟಿನಿಂದ ರಕ್ತ ಬರುತ್ತಿದೆಯೇ ಎಂದು ಮುಂದೆ ಕೇಳುತ್ತಾರೆ, ನಿಜ. ಆದರೆ ಅವು ರೋಗ ಬಂದ ಮೇಲಿನ ಲಕ್ಷಣಗಳು.

ನನ್ನ ಸೋದರತ್ತೆ 38ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೆಲವು ವರ್ಷಗಳ ಬಳಿಕ ಅವರ ತಂಗಿಗೆ ಅಂಡಾಶಯದ ಕ್ಯಾನ್ಸರ್ ಬಂತು. ನನ್ನ ಅಕ್ಕನಿಗೆ ಗಂಟು ಕಾಣಿಸಿಕೊಂಡಾಗ ವೈದ್ಯರು ಕೇಳಿದ್ದು ತಾಯಿಯ ಕಡೆಯವರ ಬಗ್ಗೆ ಮಾತ್ರ. ಯಾರಿಗೂ ಇರಲಿಲ್ಲವೆಂದು ಹೇಳಿ ಬಂದೆವು. ದೋಷವಿರುವ ವಂಶವಾಹಿ ತಂದೆಯಿಂದಲೂ ಬರಬಹುದು, ಹುಟ್ಟುವ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ ಎಂಬುದು ನಮಗೆ ತಿಳಿದದ್ದು ಅಕ್ಕನ ಕಿಮೊಥೆರಪಿ ಮುಗಿದ ಮೇಲೆ.

2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಗಿದೆ. ಇಂಥ ಪ್ರಕರಣಗಳಲ್ಲಿ ಶೇ 5ರಿಂದ 10ರಷ್ಟು ವಂಶಪಾರಂಪರ್ಯವಾಗಿ ಬರುವಂಥವು. ದೋಷವಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುವ ಬಿಆರ್‌ಸಿಎ1 ವಂಶವಾಹಿಯನ್ನು 1994ರಲ್ಲಿ, ಬಿಆರ್‌ಸಿಎ2 ವಂಶವಾಹಿಯನ್ನು 1995ರಲ್ಲಿ ಗುರುತಿಸಲಾಯಿತು; ಇವುಗಳಲ್ಲಿ ದೋಷವಿರುವ ಹತ್ತು ಮಹಿಳೆಯರಲ್ಲಿ ಸುಮಾರು ಏಳು ಮಂದಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವವಿದೆ. ಅಂಥವರು 25ನೇ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಿಕೊಳ್ಳಬೇಕೆಂದು ತಜ್ಞರು ಹೇಳುತ್ತಾರೆ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿರುವುದೋ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಮಾಡುವ ಸ್ತನ ಪರೀಕ್ಷೆ. ಸಾಮಾನ್ಯ ಅಪಾಯದವರಿಗೆ ಅದು ಉಪಯುಕ್ತವೇ. ನಮ್ಮಂಥ ಕುಟುಂಬಗಳಿಗೆ ಸಾಲದು.

ಹಾಗೆಂದು ಎಲ್ಲರಿಗೂ ವಂಶವಾಹಿ ಪರೀಕ್ಷೆ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ನಮೂನೆಗೆ ಒಂದು ಸಾಲು ಸೇರಿಸಿ, ತಂದೆಯ ಕಡೆ ಮತ್ತು ತಾಯಿಯ ಕಡೆ ಎಂದು ಬಿಡಿಸಿ ಕೇಳಲಿ. ಹೌದೆಂದವರಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಆಪ್ತಸಲಹೆ ಸಿಗಲಿ, ರೋಗ ಬಂದವರಿಗೆ ಮೊದಲು ಉಚಿತವಾಗಿ ವಂಶವಾಹಿ ಪರೀಕ್ಷೆಯಾಗಲಿ. ಒಬ್ಬರಲ್ಲಿ ದೋಷ ಎಲ್ಲಿದೆಯೆಂದು ಗೊತ್ತಾದರೆ ಉಳಿದವರಲ್ಲಿ ಅದೊಂದನ್ನೇ ನೋಡಿದರೆ ಸಾಕು, ಖರ್ಚೂ ಬಹಳ ಕಡಿಮೆ.

ಸಂಶೋಧನೆಗೂ ಹಣ ಬೇಕು, ಅದಕ್ಕೆ ಕಾರಣವಿದೆ. ಅಕ್ಕನ ವಂಶವಾಹಿ ಪರೀಕ್ಷೆಯ ವರದಿಯಲ್ಲಿ ಇಂಥ ದೋಷದ ಜೊತೆಗೆ 'ಮಹತ್ವ ಅನಿಶ್ಚಿತ', ಅಂದರೆ ರೋಗ ತರುತ್ತದೋ ಇಲ್ಲವೋ ತಿಳಿಯದ, ಇನ್ನೊಂದು ವ್ಯತ್ಯಾಸದ ಉಲ್ಲೇಖವೂ ಇತ್ತು. ಜಗತ್ತಿನ ದತ್ತಾಂಶ ಹೆಚ್ಚಾಗಿ ಯುರೋಪಿನ ಮೂಲದವರದ್ದಾಗಿರುವುದರಿಂದ ನಮ್ಮವರ ವರದಿಗಳಲ್ಲಿ ಇಂಥ ಉತ್ತರವಿಲ್ಲದ ಸಾಲುಗಳು ಹೆಚ್ಚು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ರೋಗಿಗಳ ಎಣಿಕೆಯ ಜೊತೆಗೆ, ಒಪ್ಪಿಗೆ ಕೊಟ್ಟ ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನಕ್ಕೂ ಸರ್ಕಾರ ಅನುದಾನ ಕೊಡಬೇಕು.

ಅಕ್ಕನ ಮಗಳಿಗೆ ಈಗ 24 ವರ್ಷ, ಅವಳಲ್ಲೂ ಅದೇ ದೋಷವಿದೆ. ಮುಂದಿನ ವರ್ಷ ಅವಳ ಮೊದಲ ಎಂಆರ್‌ಐ ಆಗಬೇಕು. ಸರ್ಕಾರದ ತಪಾಸಣೆಯ ವಯಸ್ಸು ತಲುಪಲು ಅವಳಿಗೆ ಇನ್ನೂ ಆರು ವರ್ಷ ಬೇಕು.

ಇಂತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು, ಹಾಸನ