ಹೊಟ್ಟೆಯೊಳಗಿನ ಮಗು ತೂಕ ಒಂದನ್ನೇ ನೋಡಿದ್ರೆ ಸಾಲ್ದು

ಮಾನ್ಯ ಸಂಪಾದಕರೇ,

ಎಂಆರ್‌ಐ ಮಾಡಿ ಹೊಟ್ಟೆಯೊಳಗಿರೋ ಮಗು ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತ ಅಳೆಯೋ ವಿಚಾರ ಕೇಳಿ ಕೆಲವರು ಇದೆಲ್ಲ ಯಾಕೆ ಬೇಕು ಅಂತಾರೆ, ನಂಗೆ ಹಾಗನ್ಸಲ್ಲ. ನಾನು ಆಲೂರು ಕಡೆ ಆಶಾ ಕಾರ್ಯಕರ್ತೆ, ಮನೆಮನೆಗೆ ಹೋದಾಗ ತಾಯಿ ಕಾರ್ಡ್ ಜೊತೆ ಸ್ಕ್ಯಾನಿಂಗ್ ರಿಪೋರ್ಟೂ ನೋಡ್ತೀನಿ, ಅದ್ರಲ್ಲಿ ಅತ್ತೆಯಂದ್ರು ಹುಡುಕೋದು ಮಗು ತೂಕ ಒಂದೇ. ಒಂಬತ್ತಕ್ಕೆ ಬಿದ್ದಾಗ 2.3 ಕೆಜಿ ಅಂತಿದ್ರೆ "ಇವ್ಳು ಸರಿಯಾಗಿ ಉಣ್ಣಲ್ಲ" ಅಂತ ಸೊಸೆಗೆ ಬೈಗುಳ, ತಟ್ಟೆಗೆ ಇನ್ನೊಂದು ಮುದ್ದೆ. ಪಕ್ಕದಲ್ಲೇ ಪ್ಲಸ್ ಮೈನಸ್ ಇಷ್ಟು ಗ್ರಾಂ ಅಂತ ಹಾಕಿರ್ತಾರೆ, ಅದನ್ನ ಯಾರೂ ಓದಲ್ಲ. ತಲೆ, ಹೊಟ್ಟೆ ಸುತ್ತಳತೆ, ತೊಡೆಮೂಳೆ ಉದ್ದ ಹಿಡ್ಕೊಂಡು ಮಿಷನ್ ಹಾಕೋ ಅಂದಾಜು ಅದು, ಮಾಂಸ ಎಷ್ಟು ಕೊಬ್ಬೆಷ್ಟು ಅಂತ ಹೇಳಲ್ಲ.

ಎಂಆರ್‌ಐ ಅದನ್ನ ಬೇರೆ ಮಾಡಿ ತೋರ್ಸುತ್ತೆ, ಆ ಮಿಷನ್ ಹಿಡಿಯೋದು ಮೈಯೊಳಗಿನ ಹೈಡ್ರೋಜನ್ ಸಿಗ್ನಲ್, ನೀರಲ್ಲಿರೋ ಹೈಡ್ರೋಜನ್ ಸಿಗ್ನಲ್ಲೇ ಬೇರೆ ಕೊಬ್ಬಲ್ಲಿರೋದೇ ಬೇರೆ. ಎಕ್ಸ್‌ರೇ ಥರ ವಿಕಿರಣ ಇಲ್ಲ, ಆದ್ರೆ ಮಗು ಅಲ್ಲಾಡಿದ್ರೆ ಚಿತ್ರ ಕೆಡುತ್ತೆ.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿ ಕೂಸುಗಳನ್ನ ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳ ಜೊತೆ ಹೋಲಿಸಿ ನೋಡಿತ್ತು, ಇಂಗ್ಲೆಂಡಿನವು ಸರಾಸರಿ 3.5 ಕೆಜಿ, ನಮ್ಮವು 2.7, ಆದ್ರೆ ಬೆನ್ನಿನ ಚರ್ಮದಡಿ ಕೊಬ್ಬು ಅಷ್ಟೊಂದು ಕಮ್ಮಿ ಇರ್ಲಿಲ್ಲ, ಸೊರಗಿದ್ದು ಮಾಂಸಖಂಡ. ಮುಂದೆ ಶುಗರ್ ಬರೋಕೆ ಇದೂ ಒಂದು ದಾರಿ ಅಂತಾರೆ ಅವ್ರು. ಹಾಗಂತ ಕೊಬ್ಬೇ ಬೇಡ ಅಂತಲ್ಲ, ಅದು ಹೆಚ್ಚಾಗಿ ತುಂಬೋದು ಏಳು ತಿಂಗಳಾದ್ಮೇಲೆ, ಬೇಗ ಹುಟ್ಟಿದ ಕೂಸು ಸಕಲೇಶಪುರದ ಮಳೆಗಾಲದಲ್ಲಿ ಮೈ ಬೆಚ್ಚಗೆ ಉಳಿಸ್ಕೊಳ್ಳೋಕೆ ಒದ್ದಾಡುತ್ತೆ. ತಾಯಿಗೆ ಶುಗರ್ ಇದ್ರೆ ಅದೇ ಕೊಬ್ಬು ಅತಿಯಾಗಿ ಹೆರಿಗೇಲಿ ಮಗು ಭುಜ ಸಿಕ್ಕಾಕೊಳ್ಳಬಹುದು.

ಆ ಎಂಆರ್‌ಐ ನಮ್ಮ ಕಡೆ ಬರೋದು ಯಾವಾಗ್ಲೋ, ಶುಗರ್ ಟೆಸ್ಟ್ ಅಂತೂ ಈಗ್ಲೇ ಇದೆ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಬಿಟ್ಟು ರಕ್ತ ಕೊಡೋದು, ಖಾಲಿ ಹೊಟ್ಟೇಲೇ ಬರ್ಬೇಕು ಅಂತಿಲ್ಲ, ಮೊದಲ ಚೆಕಪ್‌ನಲ್ಲೊಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ. ಬಸ್ ತಪ್ಪುತ್ತೆ ಅಂತ ಅರ್ಧಕ್ಕೇ ಎದ್ದು ಹೋಗೋರಿದ್ದಾರೆ, ಕಾಫಿ ತೋಟದ ಕೆಲಸ ಬಿಟ್ಟು ಬಂದೋರಿಗೆ ಕೂಲಿನೂ ಹೋಗುತ್ತೆ. ಜಿಲ್ಲಾ ಆರೋಗ್ಯ ಇಲಾಖೆಯೋರು ಬಸ್ ಟೈಮ್ ನೋಡ್ಕೊಂಡು ಬೆಳಿಗ್ಗೆ ಬಂದ ತಕ್ಷಣ ಗ್ಲೂಕೋಸ್ ಕೊಡೋ ಹಾಗೆ ಮಾಡ್ಲಿ, ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಹುಟ್ಟೋ ಕೂಸುಗಳ ಚರ್ಮದಡಿ ಕೊಬ್ಬನ್ನೂ ಅಳೆದು ಬರೆದಿಡಲಿ, ಅದಕ್ಕೆ ಬೇಕಿರೋದು ಚರ್ಮದ ಮಡಿಕೆ ಹಿಡಿದು ದಪ್ಪ ಅಳೆಯೋ ಒಂದು ಕ್ಯಾಲಿಪರ್ ಅಷ್ಟೇ.

- ಆಶಾ ಕಾರ್ಯಕರ್ತೆ, ಆಲೂರು ತಾಲ್ಲೂಕು, ಹಾಸನ ಜಿಲ್ಲೆ