ಸುಬ್ಬೂ, ನಿನ್ನ ಬೆಲ್ಟು ಸರಿಯಾಗೇ ಇತ್ತು

ತೀರ್ಥಹಳ್ಳಿ
ಆಷಾಢದ ಒಂದು ಸಂಜೆ, ಕರೆಂಟಿಲ್ಲ

ಸುಬ್ಬೂ ಮಾರಾಯ,

ಫೋನ್ ಮಾಡಿದ್ದರೆ ಎರಡು ನಿಮಿಷಕ್ಕೆ ಮುಗೀತಿತ್ತು. ಆದರೆ ನಿನ್ನನ್ನ ಗೇಲಿ ಮಾಡಿದ್ದು ನಾಲ್ಕು ಜನರ ಮುಂದೆ. ಕ್ಷಮೆ ಮಾತ್ರ ಕಿವಿಯಲ್ಲಿ ಕೇಳ್ತೀನಿ ಅಂದ್ರೆ ನೀನು ಬಿಡೋ ಆಸಾಮಿ ಅಲ್ಲ. ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲೇ ಬರೀತಿದೀನಿ. ಅವತ್ತಿನ ಆ ನಾಲ್ವರೂ ಓದಲಿ, ಅವರಿಗೂ ಒಂದು ಖುಷಿ ಬೇಡವಾ.

ವಿಷಯ ಇಷ್ಟೆ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ರೆಕಾರ್ಡು ಹಾಕಿದಾಗಲೆಲ್ಲ ನೀನು ಶ್ರುತಿಪೆಟ್ಟಿಗೆಯನ್ನ ಎರಡು ಮನೆಗೆ, ಅಂದ್ರೆ ಅವರ ಡಿ ಸ್ವರಕ್ಕೆ, ಇಟ್ಟುಕೊಂಡು, “ಮೊದಲನೇ ಸೈಡು ಸೇರ್ತಿಲ್ಲ ಕಣೋ, ಒಂದು ಕೂದಲೆಳೆ ಮೇಲಿದೆ” ಅಂತಿದ್ದೆ. ನಾನು ನಿನ್ನ ಟರ್ನ್‌ಟೇಬಲ್ಲಿನ ಬೆಲ್ಟು ಸಡಿಲ ಆಗಿದೆ ಅಂತಿದ್ದೆ. ಒಂದ್ಸಲ ಸಾಗರದ ವೋಲ್ಟೇಜಿನ ಮೇಲೆ ಹಾಕಿದೆ, ಇನ್ನೊಂದ್ಸಲ ನಿನ್ನ ವಯಸ್ಸಿನ ಮೇಲೆ.

ತಪ್ಪಿದ್ದದ್ದು ರೆಕಾರ್ಡಿನಲ್ಲೇ. ಮೊದಲ ಸೈಡಿನ ಮೂರೂ ಕೃತಿಗಳ ಧ್ವನಿಮುದ್ರಣ ಆದದ್ದು 1959ರ ಮಾರ್ಚ್ 2ರಂದು, ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ. ಅದು ಹಿಂದೆ ಚರ್ಚ್ ಆಗಿದ್ದ ಕಟ್ಟಡ. ಅವತ್ತು ಮುಖ್ಯ ಟೇಪ್ ಯಂತ್ರ ಕೊಂಚ ನಿಧಾನಕ್ಕೆ ಓಡ್ತಿತ್ತು. ನಿಧಾನಕ್ಕೆ ಓಡೋ ಟೇಪಿನ ಮೇಲೆ ಹಿಡಿದದ್ದನ್ನ ಆಮೇಲೆ ಸರಿಯಾದ ವೇಗದಲ್ಲಿ ಬಿಟ್ಟರೆ ಓಟ ಹೆಚ್ಚುತ್ತೆ, ಶ್ರುತಿ ಏರುತ್ತೆ. ಎರಡನೇ ಸೈಡು ಏಪ್ರಿಲ್ 22ರದ್ದು, ಅದಕ್ಕೆ ಈ ಕಾಯಿಲೆ ಇಲ್ಲ. 1992ರಲ್ಲಿ ಮತ್ತೆ ಹೊರತಂದಾಗಲೇ ಇದು ಸರಿಯಾದದ್ದು. ಅವತ್ತು ಪಕ್ಕದಲ್ಲಿ ಓಡ್ತಿದ್ದ ಇನ್ನೊಂದು ಯಂತ್ರದ ಟೇಪು ಉಳಿದಿತ್ತು, ಅದನ್ನ ಬಳಸಿದರು. ಅಂದ್ರೆ ಮೂವತ್ತು ವರ್ಷಕ್ಕೂ ಮೇಲೆ ಜಗತ್ತೆಲ್ಲ ಆ ಮೂರನ್ನ ಏರಿದ ಶ್ರುತಿಯಲ್ಲೇ ಕೇಳಿತು, ಅದರ ಜೊತೆ ನುಡಿಸಿ ಕಲಿಯುವವರು ತಮ್ಮ ವಾದ್ಯವನ್ನೇ ಎಳೆದು ಕೂರಿಸಿಕೊಳ್ಳಬೇಕಿತ್ತು.

ನನ್ನ ಬೆಲ್ಟಿನ ವಾದ ಎಷ್ಟು ಪೆದ್ದು ಅಂತ ಈಗ ನೋಡು. ಬೆಲ್ಟು ಸಡಿಲ ಆದರೆ ಜಾರುತ್ತೆ, ತಟ್ಟೆ ನಿಧಾನ ಆಗುತ್ತೆ, ಶ್ರುತಿ ಇಳಿಯುತ್ತೆ. ನೀನು ದೂರಿದ್ದು ಏರಿದೆ ಅಂತ! ಅದೂ ಒಂದೇ ಸೈಡಿನಲ್ಲಿ. ಒಂದೇ ಬೆಲ್ಟು ಸೈಡು ತಿರುವಿದ ತಕ್ಷಣ ಬಿಗಿ ಆಗೋಕೆ ಅದೇನು ಭೀಮನ ಅಮಾವಾಸ್ಯೆ ದಾರವಾ?

ಅನುಮಾನ ಇರೋರು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಲೇಬಲ್ಲಿನ ಅಂಚಿಗೆ ಚೂರು ಕಾಗದ ಇಟ್ಟು, ಮುಳ್ಳನ್ನ ತಟ್ಟೆಯ ಮೇಲೆ ಇಳಿಸಿ (ಮುಳ್ಳಿನ ಎಳೆತದಿಂದಲೂ ವೇಗ ಬದಲಾಗುತ್ತೆ, ಖಾಲಿ ತಿರುಗಿಸಿ ಎಣಿಸಬಾರದು), 3 ನಿಮಿಷ ಎಣಿಸಬೇಕು. ನಿಮಿಷಕ್ಕೆ 33⅓ರಂತೆ ಸರಿಯಾಗಿ 100 ಸುತ್ತು ಬರಬೇಕು. 101 ಬಂದರೆ ನೂರಕ್ಕೆ ಒಂದು ಪಾಲು ಜೋರು. ಅರ್ಧ ಮನೆ, ಅಂದ್ರೆ ಪಕ್ಕದ ಸ್ವರಸ್ಥಾನದವರೆಗೆ, ಶ್ರುತಿ ಏರೋಕೆ ನೂರಕ್ಕೆ ಸುಮಾರು 6 ಪಾಲು ಜೋರಾಗಬೇಕು. ಹಾಗಾಗಿ ಒಂದೆರಡು ಪಾಲಿನ ವ್ಯತ್ಯಾಸ ಹಿಡಿಯೋ ಕಿವಿಗೆ ಕೈ ಮುಗೀಬೇಕು. ಮುಗಿದಿದೀನಿ, ಫೋಟೋ ಬೇಡ.

ನಿನಗೆ ಹೆಂಗೆ ಸಿಕ್ಕಿತು ಅಂತಲೂ ಈಗ ಅರ್ಥ ಆಯ್ತು. ಆ ಸೈಡಿನ ಮೊದಲ ಕೃತಿ ‘ಸೋ ವಾಟ್’ನ ಸ್ವರಗಳು ಖರಹರಪ್ರಿಯ ರಾಗದವೇ, ಎರಡು ಮನೆಯಲ್ಲಿ. ಅವರು ಅದನ್ನ ಡಿ ಡೋರಿಯನ್ ಅಂತಾರೆ. 32 ‘ಬಾರ್’, ಅಂದ್ರೆ ಅವರ ಲೆಕ್ಕದ ಆವರ್ತದ, ಕಟ್ಟು. ಮೊದಲ 16 ಎರಡು ಮನೆಯಲ್ಲಿ, ಆಮೇಲೆ 8 ಇಡಿಯಾಗಿ ಎರಡೂವರೆಗೆ ಏರಿ, ಕೊನೆಯ 8ಕ್ಕೆ ಮತ್ತೆ ಎರಡಕ್ಕೆ ಇಳಿಯುತ್ತೆ. ಕಛೇರಿಯಲ್ಲಿ ಯಾರಾದರೂ ಪಲ್ಲವಿ ಮಧ್ಯೆ ಹೀಗೆ ಷಡ್ಜವನ್ನೇ ಎತ್ತಿ ಪಕ್ಕದ ಮನೆಗಿಟ್ಟರೆ ತಂಬೂರಿಯವರು ಎದ್ದು ಹೋಗ್ತಾರೆ. ಶ್ರುತಿ ಹಿಡಿದು ಕೂತವನಿಗೆ ಆ ಅರ್ಧ ಮನೆಯ ಜಿಗಿತವೇ ಅಳತೆಕೋಲು. ಅದರ ಪಕ್ಕ ಇಟ್ಟು ನೋಡಿದರೆ ಒಂದು ಕೂದಲೂ ಕಂಬದ ಹಾಗೆ ಕಾಣುತ್ತೆ.

ಇನ್ನೊಂದು ಬಾಕಿ ಇದೆ, ಅದನ್ನೂ ತೀರಿಸಿಬಿಡ್ತೀನಿ. ಡೇವ್ ಬ್ರೂಬೆಕ್ ತಂಡದ ಜಾಝ್ ಕೃತಿ ‘ಟೇಕ್ ಫೈವ್’ ಖಂಡಚಾಪು ತಾಳ ಅಂತ ನಾನು ಊರ ತುಂಬ ಹೇಳ್ಕೊಂಡು ಬಂದಿದೀನಿ. ಅದೂ 1959ರದ್ದೇ, ಅದೇ ಸ್ಟುಡಿಯೋದ್ದೇ. ಐದು ಅಕ್ಷರ ಹೌದು. ಆದರೆ ಖಂಡಚಾಪು ನಡೆಯೋದು ತಕ–ತಕಿಟ, ಎರಡು ಮೂರು. ಡೇವ್ ಬ್ರೂಬೆಕ್‌ನ ಪಿಯಾನೋ ಉದ್ದಕ್ಕೂ ಹಿಡಿಯೋದು ತಕಿಟ–ತಕ, ಮೂರು ಎರಡು. ನೀನು ತೊಡೆ ತಟ್ಟಿ ತೋರಿಸಿದಾಗ ನಾನು “ಐದು ಐದೇ ಅಲ್ವಾ” ಅಂದಿದ್ದೆ. ಪತ್ರೊಡೆಯೂ ಚಿತ್ರಾನ್ನವೂ ಅಕ್ಕಿಯೇ ಅಲ್ವಾ ಅಂದ ಹಾಗೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಕ್ಷಮೆ ಕೇಳಿ ಆಯ್ತು, ನಾಲ್ಕು ವಿಷಯ ತಿಳಿದವನು ಅನ್ನಿಸಿಕೊಂಡದ್ದೂ ಆಯ್ತು.

ಹಳೇ ಸೈಡು, ತಿದ್ದಿದ ಸೈಡು ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ ಸುಬ್ಬೂ. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಮೂರು ಸಲ ಕೇಳಿದೆ. ಕೊನೆಗೆ ಫೋನಿನಲ್ಲಿ ಟ್ಯೂನರ್ ಹಾಕಿ ನೋಡಿದೆ, ಮುಳ್ಳು ಸರಿದು ತೋರಿಸ್ತು. ಕಿವಿ ಸುಮ್ಮನೇ ಇತ್ತು. ನೀನು ಕೇಳಿ ಹೇಳಿದ್ದೆ, ನಾನು ಓದಿ ವಾದ ಮಾಡಿದ್ದೆ. ಈಗ ಸೋತೆ ಅಂತ ಒಪ್ಪಿಕೊಳ್ತಿರೋದೂ ಓದಿಯೇ.

ಒಬ್ಬರೇ ನುಡಿಸೋ ‘ಸೋಲೋ’ ನಡೆಯುವಾಗ ನಾನು ಕಣ್ಣು ಮುಚ್ಚಿ ತಲೆದೂಗ್ತೀನಲ್ಲ, ಆ ಕಣ್ಣು ಪೂರ್ತಿ ಮುಚ್ಚಿರಲ್ಲ. ಒಂದು ಸೀಳು ಬಿಟ್ಟು ನಿನ್ನ ಮುಖ ನೋಡ್ತಿರ್ತೀನಿ. ನಿನ್ನ ಹುಬ್ಬು ಏರಿತು ಅಂದ್ರೆ ನಾನು “ಆಹಾ” ಅಂತೀನಿ. ನೀನು ಸಾಗರಕ್ಕೆ ಹೋದ ಮೇಲೆ ತಟ್ಟೆ ಹಾಕೋದು ಕಡಿಮೆ ಆಯ್ತು. ಮಳೆ, ಬೂಷ್ಟು, ಕರೆಂಟು ಅಂತ ಎಲ್ಲರ ಹತ್ತಿರವೂ ಹೇಳಿದೀನಿ. ನಿಜ ಅಂದ್ರೆ, ಒಬ್ಬನೇ ಕೂತರೆ ಎಲ್ಲಿ ಆಹಾ ಅನ್ನಬೇಕು ಅಂತ ಗೊತ್ತಾಗಲ್ಲ.

ಸಾಕು. ಇಷ್ಟು ಬರೆಯೋ ಹೊತ್ತಿಗೆ ಅಡುಗೆಮನೆಯಲ್ಲಿ ಹಿಟ್ಟು ಹುಳಿ ಬಂದೀತು.

ಹೌದು, ಪತ್ರೊಡೆ, ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸೋದು. ಮರಕೆಸು ಸಿಕ್ಕಿದೆ, 15 ಎಲೆ. ನಿನ್ನ ಹಾಗೆ ಕೈ ಅಂದಾಜು ನನ್ನದಲ್ಲ, ಲೆಕ್ಕ ಬರೆದಿಟ್ಟುಕೊಂಡಿದೀನಿ, ತಪ್ಪಿದ್ದರೆ ತಿದ್ದು. ದೋಸೆ ಅಕ್ಕಿ 2 ಲೋಟ, 4 ಗಂಟೆ ನೆನೆಸಿದ್ದು. ಬ್ಯಾಡಗಿ ಮೆಣಸಿನಕಾಯಿ 10, ಕೊತ್ತಂಬರಿ 2 ಚಮಚ, ಜೀರಿಗೆ 1, ಮೆಂತ್ಯ ಕಾಲು ಚಮಚ, ಒಂದು ಬಟ್ಟಲು ಕಾಯಿತುರಿ, ದೊಡ್ಡ ನಿಂಬೆಗಾತ್ರ ಹುಣಸೆ, ಚೂರು ಬೆಲ್ಲ, ಅರಿಸಿನ, ಉಪ್ಪು. ಮಸಾಲೆ ನುಣ್ಣಗೆ ರುಬ್ಬಿ, ಆಮೇಲೆ ಅಕ್ಕಿ ಹಾಕಿ ತರಿತರಿಯಾಗಿ. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು. ಎಲೆ ಎತ್ತಿ ಹಿಡಿದರೆ ಹಿಟ್ಟು ಜಾರಬಾರದು. ಬೆನ್ನಿನ ನಾರು ಹೆರೆದು, ಬೆನ್ನು ಮೇಲೆ ಮಾಡಿ ಸವರಿ, ನಾಲ್ಕೈದು ಎಲೆ ಒಂದರ ಮೇಲೊಂದು ಇಟ್ಟು, ಬದಿ ಮಡಚಿ, ಬಿಗಿಯಾಗಿ ಸುತ್ತೋದು. ಹಿಟ್ಟು ದಪ್ಪ ಬಳಿದರೆ ನಡುವೆ ಹಸಿ ಉಳಿಯುತ್ತೆ.

ಹಬೆಯಲ್ಲಿ 45 ನಿಮಿಷ. ‘ಕೈಂಡ್ ಆಫ್ ಬ್ಲೂ’ ಎರಡೂ ಸೈಡು ಸೇರಿ ಹೆಚ್ಚು ಕಡಿಮೆ ಅಷ್ಟೇ. ಹಳೇ ತಟ್ಟೆಯಾದರೆ ಮೊದಲ ಸೈಡು ಕೆಲವು ಸೆಕೆಂಡು ಬೇಗ ಮುಗಿಯುತ್ತೆ, ಪತ್ರೊಡೆಗೆ ಅದೇನೂ ಅಡ್ಡಿ ಇಲ್ಲ. ಸೈಡು ತಿರುವೋಕೆ ಎದ್ದಾಗ ಪಾತ್ರೆಯಲ್ಲಿ ನೀರಿದೆಯಾ ನೋಡಬೇಕು, ಕೈ ಒರೆಸಿಕೊಂಡು ತಟ್ಟೆ ಮುಟ್ಟಬೇಕು. ಪೂರ್ತಿ ಆರೋವರೆಗೆ ಕೊಯ್ಯಬಾರದು, ಬಿಸಿಯಲ್ಲಿ ಕೊಯ್ದರೆ ಸುರುಳಿ ಬಿಚ್ಚಿ ಪುಡಿ ಆಗುತ್ತೆ. ಆಮೇಲೆ ಕಾವಲಿ, ಕೊಬ್ಬರಿ ಎಣ್ಣೆ, ಸಾಸಿವೆ.

ಇದರಲ್ಲಿ ಕೈ ಕೊಡೋದು ಹುಳಿ ಒಂದೇ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳಿರುತ್ತೆ. ಹುಳಿ ಕಡಿಮೆ ಆದರೆ, ಬೇಯೋದು ಸಾಲದಿದ್ದರೆ ಗಂಟಲಲ್ಲಿ ತುರಿಕೆ. ಹುಳಿ ಸಾಲದು ಅಂತ ನಿನಗೆ ಹಿಟ್ಟು ನೆಕ್ಕಿದಾಗಲೇ ಗೊತ್ತಾಗುತ್ತೆ, ನನಗೆ ಮೂರನೇ ಹೋಳು ನುಂಗಿದ ಮೇಲೆ. ಆ ಸಲದ ಹಾಗೆ. ನಗಬೇಡ.

ಜಾಝ್‌ನ ಇನ್ನೊಬ್ಬ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕಾಗದದ ಕೊನೆಗೆ ‘ರೆಡ್ ಬೀನ್ಸ್ ಅಂಡ್ ರೈಸ್ಲೀ ಯುವರ್ಸ್’ ಅಂತ ಸಹಿ ಹಾಕ್ತಿದ್ದ, ತನ್ನ ನ್ಯೂ ಆರ್ಲಿಯನ್ಸಿನ ಊಟದ ಹೆಸರಲ್ಲಿ. ನಮಗೂ ಒಂದು ಇರಲಿ.

ಇಂತಿ, ಪತ್ರೊಡೆಪೂರ್ವಕ ವಂದನೆಗಳೊಂದಿಗೆ,
ನಿನ್ನ ಆಹಾ

ತಾ.ಕ.: ಭಾನುವಾರ ಬಾ. ಶ್ರುತಿಪೆಟ್ಟಿಗೆ ತಾ, ಅಪ್ಪೆಮಿಡಿಯನ್ನೂ ತಾ. ಹೋದ ವರ್ಷದ ಭರಣಿ ವಾಪಸ್ ಕೇಳಬೇಡ, ಅದರಲ್ಲಿ ಈಗ ಹುಣಸೆ ಇದೆ.