ಮೊದಲು ಬಳಕೆದಾರರು, ಆಮೇಲೆ ವಿನ್ಯಾಸ

ಮಾನ್ಯರೇ,

ಆರೋಗ್ಯ ಸಮಸ್ಯೆಗಳಿಗೆಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಯಾರಿಸುವ ಎಷ್ಟೋ ಸಾಧನಗಳು ಬಳಸುವವರನ್ನು ಕಾಣದೆಯೇ ರೂಪುಗೊಂಡು, ಪ್ರದರ್ಶನದ ಮೇಜಿನಲ್ಲೇ ಉಳಿಯುತ್ತಿವೆ.

ಇದಕ್ಕೆ ವಿರುದ್ಧ ಉದಾಹರಣೆಯೊಂದಿದೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡಕ್ಕೆ ಒಪ್ಪಿಸಿದ್ದು ಅಗ್ಗದ ಇನ್‌ಕ್ಯುಬೇಟರ್ (ನವಜಾತ ಶಿಶುಗಳನ್ನು ಬೆಚ್ಚಗಿಡುವ ಯಂತ್ರ) ವಿನ್ಯಾಸಗೊಳಿಸುವ ಕೆಲಸ. ನೇಪಾಳಕ್ಕೆ ಹೋದಾಗ ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳೇ ಖಾಲಿ. ಕಡಿಮೆ ತೂಕದ ಶಿಶುಗಳಿದ್ದುದು ವಿದ್ಯುತ್ ಇಲ್ಲದ ಹಳ್ಳಿಗಳಲ್ಲಿ. ಆದ್ದರಿಂದ ರೂಪುಗೊಂಡದ್ದು, 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗುತ್ತಾ ಗಂಟೆಗಟ್ಟಲೆ ಶಾಖ ಬಿಡುವ ಮೇಣದ ಚೀಲವುಳ್ಳ ‘ಎಂಬ್ರೇಸ್’ ಹೊದಿಕೆ. ಭಾರತದ ಹಳ್ಳಿಗಳಲ್ಲಿ ಮತ್ತೊಂದು ತೊಡಕು ಗೊತ್ತಾಯಿತು: ಶಾಖ ಅತಿಯಾದೀತೆಂಬ ಅಂಜಿಕೆಯಿಂದ ತಾಯಂದಿರು ಮೇಣದ ಚೀಲವನ್ನು ಬಿಸಿಮಾಡುವುದನ್ನು 37 ಡಿಗ್ರಿಗೆ ಮೊದಲೇ ನಿಲ್ಲಿಸಬಹುದಿತ್ತು. ಆದ್ದರಿಂದ ತಂಡದವರು ತಾಪಮಾನದ ಅಂಕಿ ತೆಗೆದು ‘ಸರಿ’, ‘ಸರಿಯಿಲ್ಲ’ ಎಂಬ ಸೂಚಕ ಇಟ್ಟರು. ಪ್ರಯೋಗಾಲಯದಲ್ಲಿ ಕುಳಿತವರಿಗೆ ಇದು ಹೊಳೆಯದು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು (ವಿಟಿಯು) ಆರೋಗ್ಯ ಸಂಬಂಧಿ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ವಾರಗಳ ವೀಕ್ಷಣೆ ಕಡ್ಡಾಯಗೊಳಿಸಲಿ. ಮಾದರಿಯನ್ನು ಶುಶ್ರೂಷಕಿಯರು, ಆಶಾ ಕಾರ್ಯಕರ್ತೆಯರು ಬಳಸಿ ನೋಡಿದ ವರದಿಗೂ ಅಂಕ ಮೀಸಲಿಡಲಿ.

– ಓದುಗ, ಮೈಸೂರು